ಸುಳ್ಳು ರಾಜ, ಹುಳ ಬಿದ್ದ ಮಾಂಸ, ಬ್ರೆಡ್ಡಿನ ಸಾಲು

ಓದುಗರ ಪ್ರಶ್ನೆ, ನಮ್ಮ ಉತ್ತರ

ರಷ್ಯಾದ ಝಾರ್ ದೊರೆಗಳ ಕಾಲದ ದಂಗೆಗಳ ಬಗ್ಗೆ ಪ್ರಶ್ನೆ ಕಳಿಸಿ ಅಂದಿದ್ದೆವು. ಕಾಗದ, ವಾಟ್ಸಾಪ್, ಕಚೇರಿಗೇ ಬಂದು ಕೇಳಿದ್ದು, ಎಲ್ಲ ಸೇರಿ ರಾಶಿ ಬಿದ್ದಿದೆ. ಅರ್ಧಕ್ಕರ್ಧ ಲೆನಿನ್ ಬಗ್ಗೆ. ಲೆನಿನ್ ಸರದಿ ಬೇರೆ ಸಲ. ಈಗ ಅದಕ್ಕಿಂತ ಮುಂಚಿನ ಕಥೆ, ನನಗೆ ಕೇಳಿದರೆ ಹೆಚ್ಚು ಸ್ವಾರಸ್ಯ ಇರುವುದೂ ಅಲ್ಲೇ.

ಪ್ರಶ್ನೆ: ಪುಗಚೇವ್ ಅನ್ನುವವನು 'ಸತ್ತುಹೋದ ರಾಜ ನಾನೇ' ಅಂತ ಹೇಳಿಕೊಂಡು ದಂಗೆ ಎಬ್ಬಿಸಿದ ಅಂತ ಓದಿದೆ. ಜನ ಅದನ್ನು ಹೇಗೆ ನಂಬಿದರು ಸರ್? ಅಷ್ಟು ದಡ್ಡರಾ? (ಕಾಲೇಜು ವಿದ್ಯಾರ್ಥಿ, ಸುಳ್ಯ)

ದಡ್ಡರು ಅನ್ನಬೇಡಿ ಮಾರಾಯ್ರೆ. ನೀವು ಸುಳ್ಯದವರು, ನಿಮ್ಮ ಊರಿನ ಚರಿತ್ರೆಯಲ್ಲೇ ಇದಕ್ಕೆ ಉತ್ತರ ಉಂಟು. ಅದಕ್ಕೆ ಆಮೇಲೆ ಬರುತ್ತೇನೆ.

ಯೆಮೆಲ್ಯಾನ್ ಪುಗಚೇವ್ ಡಾನ್ ನದಿ ಕಡೆಯ ಕೊಸಾಕ್, ಅಂದರೆ ಗಡಿ ಸೀಮೆಯ ಕುದುರೆ ಸವಾರ ಸೈನಿಕರ ಸಮುದಾಯದವನು. ಸೈನ್ಯ ಬಿಟ್ಟು ಓಡಿಹೋಗಿ ತಲೆಮರೆಸಿಕೊಂಡು ತಿರುಗುತ್ತಿದ್ದವನು. ಓದು ಬರಹ ಇಲ್ಲ. 1773ರಲ್ಲಿ ಯಾಯಿಕ್ ನದಿ ಕಡೆಯ ಕೊಸಾಕರ ಮುಂದೆ ನಿಂತು 'ನಾನೇ ಮೂರನೇ ಪೀಟರ್' ಅಂದ. ನಿಜವಾದ ಮೂರನೇ ಪೀಟರ್ 1762ರಲ್ಲಿ ಬರೀ ಆರು ತಿಂಗಳು ಆಳಿದವನು. ಅವನನ್ನು ಪಟ್ಟದಿಂದ ಇಳಿಸಿದ್ದು ಹೆಂಡತಿ ಕ್ಯಾಥರೀನಳೇ. ಇಳಿಸಿ ಕೆಲವೇ ದಿನಕ್ಕೆ ಅವನು ಸತ್ತ. ಮೂಲವ್ಯಾಧಿ ಜೋರಾಗಿ, ಹೊಟ್ಟೆನೋವು ಬಂದು ತೀರಿಕೊಂಡ ಅಂತ ಅರಮನೆಯಿಂದ ಪ್ರಕಟಣೆ ಹೊರಟಿತು. ಇಂಥದ್ದನ್ನು ಯಾರು ನಂಬುತ್ತಾರೆ ಹೇಳಿ? 'ರಾಜ ಸತ್ತಿಲ್ಲ, ತಪ್ಪಿಸಿಕೊಂಡಿದ್ದಾನೆ' ಅನ್ನುವ ಸುದ್ದಿ ಹಳ್ಳಿಹಳ್ಳಿಗೆ ಹಬ್ಬಿತು. ಪುಗಚೇವ್‌ಗಿಂತ ಮುಂಚೆಯೇ ಬೇರೆ ಕೆಲವರು ಅದೇ ಹೆಸರು ಹೇಳಿಕೊಂಡು ಸಿಕ್ಕಿಬಿದ್ದಿದ್ದರು.

ಜನ ನಂಬಿದ್ದಕ್ಕೆ ಒಂದು ಲೆಕ್ಕಾಚಾರವೂ ಇತ್ತು. ಪೀಟರ್ ತನ್ನ ಆರು ತಿಂಗಳಲ್ಲಿ ಜಮೀನ್ದಾರರಿಗೆ ಒಂದು ಬಿಡುಗಡೆ ಕೊಟ್ಟಿದ್ದ. ಅವರು ಇನ್ನು ಮೇಲೆ ಕಡ್ಡಾಯವಾಗಿ ಸರ್ಕಾರಿ ಸೇವೆ ಮಾಡಬೇಕಾಗಿಲ್ಲ ಅಂತ. ಜೀತದ ರೈತರು ಯೋಚಿಸಿದರು, ಧಣಿ ರಾಜನಿಗೆ ದುಡಿಯುತ್ತಾನೆ ಅಂತ ತಾನೇ ನಾವು ಧಣಿಗೆ ದುಡಿಯುವುದು, ಅವನಿಗೆ ಬಿಡುಗಡೆ ಆದಮೇಲೆ ಮುಂದಿನ ಸರದಿ ನಮ್ಮದು ಅಲ್ವಾ, ಅದನ್ನು ತಪ್ಪಿಸುವುದಕ್ಕೇ ಧಣಿಗಳು ಸೇರಿ ರಾಜನನ್ನು ಓಡಿಸಿದರು ಅಂತ. ಈಗ ಹೇಳಿ, ಇದು ದಡ್ಡತನವಾ? ನಿಜ ಅಲ್ಲ, ಆದರೆ ತರ್ಕ ಚೆನ್ನಾಗಿದೆ.

ಪುಗಚೇವ್ ಅಂಗಿ ಬಿಚ್ಚಿ ಎದೆ ಮೇಲಿನ ಹಳೇ ಕಲೆಗಳನ್ನು ತೋರಿಸಿ ಇವು ರಾಜಚಿಹ್ನೆ ಅಂದ. ಕೊಸಾಕರ ಮುಖಂಡರಿಗೆ ಇವನು ಯಾರು ಅಂತ ಗೊತ್ತಿತ್ತು. ಅವರಿಗೆ ಬೇಕಾಗಿದ್ದದ್ದು ಒಂದು ಹೆಸರು. ಬಷ್ಕೀರ್ ಬುಡಕಟ್ಟಿನವರು, ಉರಲ್ ಗಣಿ ಮತ್ತು ಕಬ್ಬಿಣದ ಕಾರ್ಖಾನೆಗಳ ಆಳುಗಳು, ವೋಲ್ಗಾ ದಡದ ರೈತರು, ಎಲ್ಲರೂ ಸೇರಿಕೊಂಡರು. ಓರೆನ್‌ಬರ್ಗ್ ಕೋಟೆಗೆ ತಿಂಗಳುಗಟ್ಟಲೆ ಮುತ್ತಿಗೆ, 1774ರ ಜುಲೈಯಲ್ಲಿ ಕಜಾನ್ ನಗರಕ್ಕೆ ಬೆಂಕಿ. ಅದೇ ತಿಂಗಳು ಒಂದು ಫರ್ಮಾನು ಹೊರಡಿಸಿ ಜೀತ ರದ್ದು, ಭೂಮಿ ನಿಮ್ಮದು, ಕಾಡು ನಿಮ್ಮದು, ಹೊಳೆ ನಿಮ್ಮದು, ಧಣಿಗಳನ್ನು ಹಿಡಿದು ನೇಣಿಗೆ ಹಾಕಿ ಅಂದ. ಜನ ಹಾಕಿದರು ಕೂಡ, ಹೆಂಗಸರು ಮಕ್ಕಳು ಅಂತ ನೋಡಲಿಲ್ಲ. ಕೊನೆಗೆ ಅವನ ಜೊತೆಯವರೇ ಹಿಡಿದುಕೊಟ್ಟರು. ಪಂಜರದಲ್ಲಿ ಹಾಕಿ ಮಾಸ್ಕೋಗೆ ತಂದು 1775ರ ಜನವರಿಯಲ್ಲಿ ತಲೆ ಕಡಿದರು. ಕ್ಯಾಥರೀನಳ ಸಿಟ್ಟು ಅಷ್ಟಕ್ಕೆ ಇಳಿಯಲಿಲ್ಲ. ಯಾಯಿಕ್ ನದಿಯ ಹೆಸರನ್ನೇ ತೆಗೆದು ಉರಲ್ ಅಂತ ಮಾಡಿದಳು. ಇವತ್ತಿಗೂ ನಕ್ಷೆಯಲ್ಲಿ ಅದೇ ಇದೆ.

ಈಗ ನಿಮ್ಮ ಊರು. 1834ರಲ್ಲಿ ಕಂಪನಿಯವರು ಕೊಡಗನ್ನು ನುಂಗಿ ಪುತ್ತೂರು, ಸುಳ್ಯದ ಭಾಗವನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಅಲ್ಲಿಯವರೆಗೆ ಬೆಳೆಯ ರೂಪದಲ್ಲಿ ಕಂದಾಯ ಕೊಡುತ್ತಿದ್ದವರು ಇನ್ನು ರೊಕ್ಕದಲ್ಲೇ ಕೊಡಬೇಕು ಅಂತಾಯಿತು. 1837ರಲ್ಲಿ ಜನ ಎದ್ದರು. ಅವರು ಮುಂದೆ ನಿಲ್ಲಿಸಿದ್ದು ಯಾರನ್ನು? ಶನಿವಾರಸಂತೆ ಕಡೆಯ ಪುಟ್ಟಬಸಪ್ಪನನ್ನು, ಹಾಲೇರಿ ರಾಜವಂಶದ ಕಲ್ಯಾಣಸ್ವಾಮಿ ಅಂತ ಹೇಳಿ. ಕೆದಂಬಾಡಿ ರಾಮಯ್ಯ ಗೌಡರಂಥ ಮುಖಂಡರಿಗೆ ಅವನು ಯಾರು ಅಂತ ಗೊತ್ತಿರಲಿಲ್ಲ ಅಂದುಕೊಂಡಿರಾ? ದಂಡು ಮಂಗಳೂರಿಗೆ ಬಂದು ಬಾವುಟಗುಡ್ಡೆಯಲ್ಲಿ ಕಂಪನಿಯ ಬಾವುಟ ಇಳಿಸಿತು, 13 ದಿನ ಊರು ಅವರ ಕೈಯಲ್ಲಿತ್ತು. ಆಮೇಲೆ ಫೌಜು ಬಂತು, ಗಲ್ಲು ಆಯಿತು. ಬಾವುಟಗುಡ್ಡೆಯಲ್ಲಿ ಈಗ ರಾಮಯ್ಯ ಗೌಡರ ಪ್ರತಿಮೆ ನಿಂತಿದೆ, ಬಸ್ಸಿನಿಂದ ಇಳಿದಾಗ ಒಮ್ಮೆ ನೋಡಿ ಬನ್ನಿ.

ರಾಜನ ವಿರುದ್ಧ ಏಳುವ ಧೈರ್ಯ ಇಲ್ಲದ ಕಾಲದಲ್ಲಿ ಜನ ರಾಜನ ಹೆಸರಲ್ಲೇ ಏಳುತ್ತಾರೆ. 'ದೊರೆ ಒಳ್ಳೆಯವನು, ಸುತ್ತ ಇರುವವರು ಕಳ್ಳರು' ಅನ್ನುವ ಈ ನಂಬಿಕೆ ರಷ್ಯಾದಲ್ಲಿ 1905ರವರೆಗೂ ಗಟ್ಟಿಯಾಗಿತ್ತು. ಕೆಳಗಿನ ಉತ್ತರಗಳಲ್ಲಿ ಅದು ಮತ್ತೆ ಮತ್ತೆ ಬರುತ್ತದೆ, ಗಮನ ಇರಲಿ.

ಪ್ರಶ್ನೆ: ಅಕ್ಟೋಬರ್ ಕ್ರಾಂತಿಯ ದಿನವನ್ನು ನವೆಂಬರಿನಲ್ಲಿ ಆಚರಿಸುತ್ತಾರಲ್ಲ, ಯಾಕೆ? (ರಥಬೀದಿಯ ಓದುಗರು, ಉಡುಪಿ)

ಚಾಂದ್ರಮಾನದವರ ಅಷ್ಟಮಿ ಒಂದು ದಿನ, ಕೃಷ್ಣಮಠದ ಅಷ್ಟಮಿ, ವಿಟ್ಲಪಿಂಡಿ ಸೌರಮಾನದ ಪ್ರಕಾರ ಬೇರೆ ದಿನ. ನಿಮಗೆ ಇದನ್ನು ಬಿಡಿಸಿ ಹೇಳಬೇಕಾ! ರಷ್ಯಾ ಹಳೇ ಜೂಲಿಯನ್ ಪಂಚಾಂಗವನ್ನು 1918ರವರೆಗೂ ಬಿಡಲಿಲ್ಲ. 20ನೇ ಶತಮಾನದಲ್ಲಿ ಅದು ನಮ್ಮ ಕ್ಯಾಲೆಂಡರಿಗಿಂತ 13 ದಿನ ಹಿಂದೆ. ಹಾಗಾಗಿ ಅವರ 1917ರ ಅಕ್ಟೋಬರ್ 25 ನಮಗೆ ನವೆಂಬರ್ 7. ಇಲ್ಲಿ ರಷ್ಯಾದ ಘಟನೆಗಳಿಗೆಲ್ಲ ಅವರ ಹಳೇ ತಾರೀಕೇ ಕೊಟ್ಟಿದ್ದೇನೆ, ಪರೀಕ್ಷೆಗೆ ಓದುವವರು ನೋಡಿಕೊಳ್ಳಿ.

ಪ್ರಶ್ನೆ: ಡಿಸೆಂಬ್ರಿಸ್ಟರು ಸೋತದ್ದು ಏಕೆ? ಐದು ಅಂಕಕ್ಕೆ ಬೇಕು ಸರ್. (ಪಿಯುಸಿ ವಿದ್ಯಾರ್ಥಿನಿ, ಮೂಡುಬಿದಿರೆ)

ಐದು ಅಂಕಕ್ಕೆ ಇಷ್ಟು ಬರೆಯಿರಿ. ನೆಪೋಲಿಯನ್ನನ್ನು ಅಟ್ಟಿಸಿಕೊಂಡು ಪ್ಯಾರಿಸ್ಸಿನವರೆಗೆ ಹೋಗಿ ಬಂದ ರಷ್ಯಾದ ಸೇನಾಧಿಕಾರಿಗಳಿಗೆ ಸಂವಿಧಾನ ಬೇಕು, ಜೀತ ಹೋಗಬೇಕು ಅನ್ನಿಸಿತು. ಗುಟ್ಟಾಗಿ ಸಂಘ ಕಟ್ಟಿದರು. 1825ರಲ್ಲಿ ಒಂದನೇ ಅಲೆಕ್ಸಾಂಡರ್ ಸತ್ತ. ಮುಂದಿನ ತಮ್ಮ ಕಾನ್‌ಸ್ಟಂಟೀನ್ ಮೊದಲೇ ಗುಟ್ಟಾಗಿ ಪಟ್ಟ ಬೇಡ ಅಂದಿದ್ದ. ಇದು ಊರಿಗೆ ಗೊತ್ತಿಲ್ಲ. ಸೈನಿಕರು ಮೊದಲು ಅವನ ಹೆಸರಿಗೆ ಪ್ರಮಾಣ ಮಾಡಿದರು, ಕೆಲವೇ ವಾರದಲ್ಲಿ ಇನ್ನೊಬ್ಬ ತಮ್ಮ ನಿಕೊಲಸ್ ಹೆಸರಿಗೆ ಮಾಡಿ ಅಂದರು. ಈ ಗೊಂದಲದಲ್ಲಿ ಡಿಸೆಂಬರ್ 14ರಂದು ಸುಮಾರು 3,000 ಸೈನಿಕರನ್ನು ಸೇಂಟ್ ಪೀಟರ್ಸ್‌ಬರ್ಗಿನ ಸೆನೆಟ್ ಚೌಕಕ್ಕೆ ತಂದು ನಿಲ್ಲಿಸಿದರು.

ನಿಲ್ಲಿಸಿದರು ಅಷ್ಟೇ. ನಾಯಕ ಅಂತ ಆರಿಸಿದ್ದ ಪ್ರಿನ್ಸ್ ತ್ರುಬೆತ್ಸ್ಕೋಯ್ ಬರಲೇ ಇಲ್ಲ! ಚಳಿಯಲ್ಲಿ ಗಂಟೆಗಟ್ಟಲೆ ನಿಂತರು, ಕತ್ತಲಾಗುವ ಹೊತ್ತಿಗೆ ನಿಕೊಲಸ್ ಫಿರಂಗಿ ಹಾರಿಸಿದ. ಐವರಿಗೆ ಗಲ್ಲು, ನೂರಕ್ಕೂ ಹೆಚ್ಚು ಜನ ಸೈಬೀರಿಯಾಕ್ಕೆ. ಗಲ್ಲಿಗೆ ಹಾಕುವಾಗ ಮೂವರ ಹಗ್ಗ ಹರಿದುಹೋಯಿತು, ಹೊಸ ಹಗ್ಗ ತಂದು ಮತ್ತೆ ಹಾಕಿದರು. ಅವರು ಜನರಿಗಾಗಿ ಎದ್ದರು, ಆದರೆ ಜನರಿಗೆ ಒಂದು ಮಾತೂ ಹೇಳಿರಲಿಲ್ಲ. ಸೈನಿಕರಿಗೂ ಹೇಳಿದ್ದು 'ನಿಜವಾದ ದೊರೆ ಕಾನ್‌ಸ್ಟಂಟೀನ್, ಅವನಿಗೆ ಅನ್ಯಾಯ ಆಗುತ್ತಿದೆ' ಅಂತ. ನೋಡಿ, ಓದಿದವರೂ ಕೊನೆಗೆ ಒಬ್ಬ ರಾಜನ ಹೆಸರನ್ನೇ ಹಿಡಿಯಬೇಕಾಯಿತು. ಈ ಕೊನೇ ಮಾತನ್ನು ಪರೀಕ್ಷೆಯಲ್ಲಿ ಬರೆದರೆ ಅಂಕ ಸಿಗುತ್ತದಾ ಇಲ್ವಾ ನನಗೆ ಗೊತ್ತಿಲ್ಲ.

ಪ್ರಶ್ನೆ: ನಮ್ಮ ತಂದೆಯವರು ಚಾಲಗೇಣಿ ಒಕ್ಕಲು, 1974ರ ಕಾನೂನಿನಲ್ಲಿ ಡಿಕ್ಲರೇಷನ್ ಕೊಟ್ಟು ಭೂಮಿ ಪಡೆದವರು. ರಷ್ಯಾದ ಜೀತದವರೂ ನಮ್ಮಂತೆಯೇ ಇದ್ದರಾ? ಅವರಿಗೆ ಬಿಡುಗಡೆ ಕೊಟ್ಟ ರಾಜನನ್ನೇ ಕೊಂದರಂತೆ, ಇದೆಂಥ ನ್ಯಾಯ? (ಹಿರಿಯ ಓದುಗರು, ಬೆಳ್ತಂಗಡಿ)

ನಿಮ್ಮ ತಂದೆಯವರ ಸ್ಥಿತಿ ಕಷ್ಟದ್ದೇ. ಧಣಿ ಯಾವಾಗ ಬೇಕಾದರೂ ಎಬ್ಬಿಸಬಹುದಿತ್ತು, ಮಳೆ ಕೈಕೊಟ್ಟರೂ ಗೇಣಿ ಅಕ್ಕಿ ಮುಡಿ ಲೆಕ್ಕದಲ್ಲಿ ಅಳೆಯಲೇಬೇಕಿತ್ತು. ಆದರೂ ಒಕ್ಕಲನ್ನು ಧಣಿ ಮಾರುವ ಹಾಗಿರಲಿಲ್ಲ. ರಷ್ಯಾದಲ್ಲಿ ಮಾರುತ್ತಿದ್ದರು. ಇಸ್ಪೀಟಿನಲ್ಲಿ ಪಣಕ್ಕೆ ಇಡುತ್ತಿದ್ದರು, ಬೇಡವಾದವನನ್ನು ಸೈನ್ಯಕ್ಕೆ ತಳ್ಳುತ್ತಿದ್ದರು, ಮದುವೆಗೂ ಧಣಿಯ ಅಪ್ಪಣೆ ಬೇಕಿತ್ತು. ಇಂಥವರು 2 ಕೋಟಿಗೂ ಮೇಲೆ.

1861ರ ಫೆಬ್ರವರಿ 19ರಂದು ಎರಡನೇ ಅಲೆಕ್ಸಾಂಡರ್ ಜೀತ ರದ್ದು ಮಾಡಿದ. ಆದರೆ ಭೂಮಿ ಬಿಟ್ಟಿ ಕೊಡಲಿಲ್ಲ. ಧಣಿಗೆ ಸರ್ಕಾರ ಮೊದಲೇ ಪರಿಹಾರ ಕೊಟ್ಟಿತು, ರೈತರು ಅದನ್ನು ಬಡ್ಡಿ ಸೇರಿಸಿ 49 ವರ್ಷ ಕಂತಿನಲ್ಲಿ ಸರ್ಕಾರಕ್ಕೆ ತೀರಿಸಬೇಕು. ಅಷ್ಟು ಕಟ್ಟಿದರೂ ಸಿಕ್ಕಿದ ಭೂಮಿ ಬಹಳ ಕಡೆ ಮೊದಲು ಉಳುತ್ತಿದ್ದದ್ದಕ್ಕಿಂತ ಕಡಿಮೆ. ಕಾಡು, ಹುಲ್ಲುಗಾವಲು ಧಣಿಯ ಪಾಲಿಗೆ ಹೋಯಿತು. ಹಳ್ಳಿಯವರಿಗೆ ಇದು ಅರ್ಥವೇ ಆಗಲಿಲ್ಲ. ನಮ್ಮ ಝಾರ್ ಹೀಗೆ ಮಾಡಿರಲಿಕ್ಕಿಲ್ಲ, ನಿಜವಾದ ಕಾಗದವನ್ನು ಧಣಿಗಳು ಮುಚ್ಚಿಟ್ಟಿದ್ದಾರೆ ಅಂದರು. ಕಜಾನ್ ಕಡೆಯ ಬೆಜ್ದ್ನಾ ಹಳ್ಳಿಯಲ್ಲಿ ಅಂತೋನ್ ಪೆತ್ರೋವ್ ಅಂತ ಅಲ್ಪಸ್ವಲ್ಪ ಓದು ಬರುತ್ತಿದ್ದ ರೈತ. ಆ ದಪ್ಪ ಕಾನೂನು ಪುಸ್ತಕ ಇಟ್ಟುಕೊಂಡು ಕೂತು, ಇದರೊಳಗೇ ನಿಜವಾದ ಬಿಡುಗಡೆ ಅಡಗಿದೆ, ನಾನು ಓದಿ ಕಂಡುಹಿಡಿದೆ ಅಂದ. ಸುತ್ತಲಿನ ಹಳ್ಳಿಗಳಿಂದ ಸಾವಿರಾರು ಜನ ಬಂದು ಅವನ ಮನೆಗೆ ಕಾವಲು ನಿಂತರು. ಸೈನ್ಯ ಗುಂಡು ಹಾರಿಸಿ ಐವತ್ತಕ್ಕೂ ಹೆಚ್ಚು ಜನರನ್ನು ಕೊಂದಿತು. ಪೆತ್ರೋವ್‌ನನ್ನೂ ಗುಂಡಿಟ್ಟು ಕೊಂದರು.

ರಾಜನನ್ನು ಕೊಂದವರು ಈ ರೈತರಲ್ಲ, ಪೇಟೆಯ ಓದಿದ ಹುಡುಗ ಹುಡುಗಿಯರು. 1874ರ ಬೇಸಿಗೆಯಲ್ಲಿ ಸಾವಿರಾರು ವಿದ್ಯಾರ್ಥಿಗಳು ರೈತರ ಬಟ್ಟೆ ಹಾಕಿಕೊಂಡು ಹಳ್ಳಿಗೆ ಹೋಗಿ ಕ್ರಾಂತಿಯ ಪಾಠ ಹೇಳಿದರು. ಹಳ್ಳಿಯವರು ಊಟ ಹಾಕಿದರು, ಕಥೆ ಕೇಳಿದರು, ಝಾರ್ ಬಗ್ಗೆ ಕೆಟ್ಟ ಮಾತು ಬಂದ ಕೂಡಲೇ ಕೆಲವು ಕಡೆ ಪೊಲೀಸರಿಗೆ ಹಿಡಿದುಕೊಟ್ಟರು. ಆಗ ಯಾಕೋವ್ ಸ್ತೆಫಾನೋವಿಚ್ ಅನ್ನುವವನು ಒಂದು ಉಪಾಯ ಮಾಡಿದ. ಝಾರನೇ ಬರೆದ ಗುಟ್ಟಿನ ಪತ್ರ ಅಂತ ಖೋಟಾ ಕಾಗದ ಮಾಡಿಸಿ, ಧಣಿಗಳ ಮೇಲೆ ಏಳಿ ಅಂತ ಅರಸರೇ ಹೇಳಿದ್ದಾರೆ ನೋಡಿ ಅಂದ. ಕೀವ್ ಪ್ರಾಂತ್ಯದ ಚಿಗಿರಿನ್ ಕಡೆ ಸುಮಾರು ಸಾವಿರ ರೈತರು ಸೇರಿಯೂ ಬಿಟ್ಟರು. 1877ರಲ್ಲಿ ಗುಟ್ಟು ಬಯಲಾಯಿತು. ಅವನ ಜೊತೆಗಾರರಲ್ಲೇ ಕೆಲವರಿಗೆ ಈ ಮೋಸ ಹಿಡಿಸಲಿಲ್ಲ. ನನಗೂ ಹಿಡಿಸುವುದಿಲ್ಲ, ಆದರೆ ಜನರ ನಾಡಿ ಅವನಷ್ಟು ಸರಿಯಾಗಿ ಬೇರೆ ಯಾರೂ ಹಿಡಿದಿರಲಿಲ್ಲ.

ಇದೆಲ್ಲ ಕೈಕೊಟ್ಟ ಮೇಲೆ 'ನರೋದ್ನಾಯಾ ವೋಲ್ಯಾ' ಅನ್ನುವ ಗುಂಪು ಬಾಂಬಿಗೆ ಇಳಿಯಿತು. 1881ರ ಮಾರ್ಚ್ 1ರಂದು ಕಾಲುವೆ ದಡದ ರಸ್ತೆಯಲ್ಲಿ ಮೊದಲ ಬಾಂಬಿನಿಂದ ರಾಜ ಪಾರಾದ. ಗಾಡಿಯಿಂದ ಇಳಿದು ಗಾಯಗೊಂಡವರನ್ನು ನೋಡುವುದಕ್ಕೆ ಹೋದ, ಎರಡನೇ ಬಾಂಬು ಕಾಲ ಬುಡದಲ್ಲೇ ಬಿತ್ತು. ಅದೇ ದಿನ ಬೆಳಿಗ್ಗೆ ಅವನು ಆಡಳಿತದಲ್ಲಿ ಪ್ರತಿನಿಧಿಗಳಿಗೆ ಸ್ವಲ್ಪ ಜಾಗ ಕೊಡುವ ಯೋಜನೆಗೆ ಒಪ್ಪಿಗೆ ಕೊಟ್ಟಿದ್ದ. ಮಗ ಪಟ್ಟಕ್ಕೆ ಬಂದು ಅದನ್ನು ಬದಿಗೆ ಎಸೆದ. ಹಳ್ಳಿಯವರು ಏನಂದರು ಗೊತ್ತಾ? ನಮಗೆ ಬಿಡುಗಡೆ ಕೊಟ್ಟ ಸಿಟ್ಟಿಗೆ ಧಣಿಗಳೇ ಕೊಲ್ಲಿಸಿದರು ಅಂತ!

ಪ್ರಶ್ನೆ: ರಾಸ್ಪುಟಿನ್ ಬಗ್ಗೆ ವಿವರವಾಗಿ ಬರೆಯಿರಿ. (ಕಂಕನಾಡಿ, ಕಾಪು, ಸುರತ್ಕಲ್, ಇನ್ನೂ ಹಲವರು)

ಬರೆಯುವುದಿಲ್ಲ. ಅವನ ಬಗ್ಗೆ ಯೂಟ್ಯೂಬ್ ತುಂಬ ಇದೆ, ಅದರಲ್ಲಿ ಮುಕ್ಕಾಲು ಬುರುಡೆ. ಕೊನೆಯ ಝಾರ್ ದಂಪತಿ ನಂಬಿದ್ದ ಈ ಸಾಧುವಿನಿಂದ ಅರಮನೆಯ ಮರ್ಯಾದೆ ಹೋದದ್ದು ನಿಜ. 1916ರ ಡಿಸೆಂಬರಿನಲ್ಲಿ ಅವನನ್ನು ಕೊಂದದ್ದು ಕ್ರಾಂತಿಕಾರಿಗಳಲ್ಲ, ರಾಜವಂಶದ ನೆಂಟರೇ. ಅವನು ಹುಟ್ಟದೇ ಇದ್ದರೂ ಬ್ರೆಡ್ಡಿನ ಅಂಗಡಿ ಮುಂದೆ ಸಾಲು ಇರುತ್ತಿತ್ತು.

ಪ್ರಶ್ನೆ: 'ರಕ್ತಸಿಕ್ತ ಭಾನುವಾರ'ದಲ್ಲಿ ಮೆರವಣಿಗೆಯ ಮುಂದೆ ಪಾದ್ರಿ ಇದ್ದರಂತೆ. ಅವರು ಕ್ರಾಂತಿಕಾರಿಯೋ, ಪೊಲೀಸರ ಏಜೆಂಟೋ? (ನಿವೃತ್ತ ಮೇಷ್ಟ್ರು, ಕುಂದಾಪುರ)

ಮೇಷ್ಟ್ರೇ, ಎರಡೂ ಸ್ವಲ್ಪ ಸ್ವಲ್ಪ. ಫಾದರ್ ಗಪೋನ್ ಕಟ್ಟಿದ ಕಾರ್ಮಿಕರ ಸಂಘಕ್ಕೆ ಪೊಲೀಸರದ್ದೇ ಒಪ್ಪಿಗೆ ಇತ್ತು. ಕಾರ್ಮಿಕರು ಚಹಾ ಕುಡಿದು, ಹಾಡು ಹೇಳಿ, ಭಾಷಣ ಕೇಳಿ ಮನೆಗೆ ಹೋದರೆ ಕ್ರಾಂತಿಕಾರಿಗಳ ಕಡೆ ಹೋಗುವುದಿಲ್ಲ ಅನ್ನುವ ಲೆಕ್ಕಾಚಾರ. 1904ರ ಡಿಸೆಂಬರಿನಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಪುತಿಲೋವ್ ಕಾರ್ಖಾನೆಯಲ್ಲಿ ಈ ಸಂಘದ ನಾಲ್ವರನ್ನು ಕೆಲಸದಿಂದ ತೆಗೆದರು. ನಾಲ್ವರಿಗಾಗಿ ಮುಷ್ಕರ ಶುರುವಾಗಿ ಜನವರಿ ಮೊದಲ ವಾರದಲ್ಲಿ ಲಕ್ಷಕ್ಕೂ ಹೆಚ್ಚು ಜನ ಕೆಲಸ ನಿಲ್ಲಿಸಿದ್ದರು. ಗಪೋನ್ ಕೈ ಮೀರಿತ್ತು. ಹಾಗಾದರೆ ಅರಸರಿಗೇ ಹೋಗಿ ಹೇಳೋಣ ಅಂದ.

ಆ ಮನವಿ ಪತ್ರದ ಧಾಟಿ ನೋಡಬೇಕು. ಸರ್ಕಾರಕ್ಕೆ ಸವಾಲು ಹಾಕುವವರ ಧಾಟಿ ಅಲ್ಲ, ಮಕ್ಕಳು ಅಪ್ಪನ ಹತ್ತಿರ ದೂರು ತಂದ ಹಾಗೆ. ನಾವು, ನಮ್ಮ ಹೆಂಡತಿ ಮಕ್ಕಳು, ಕೈಲಾಗದ ಅಪ್ಪ ಅಮ್ಮಂದಿರು, ನ್ಯಾಯ ಕೇಳಿಕೊಂಡು ನಿಮ್ಮ ಹತ್ತಿರ ಬಂದಿದ್ದೇವೆ ಅಂತ ಶುರುವಾಗುತ್ತದೆ. ಕೇಳಿದ್ದು ಮಾತ್ರ ಸಣ್ಣದಲ್ಲ. ದಿನಕ್ಕೆ 8 ಗಂಟೆ ಕೆಲಸ, ಜನ ಆರಿಸಿದ ಸಭೆ, ಜಪಾನಿನ ಮೇಲಿನ ಯುದ್ಧ ನಿಲ್ಲಿಸುವುದು, ರೈತರ ಕಂತು ರದ್ದು.

1905ರ ಜನವರಿ 9, ಭಾನುವಾರ. ಇಗರ್ಜಿಗೆ ಹೋಗುವಾಗ ಹಾಕುವ ಒಳ್ಳೆಯ ಬಟ್ಟೆ ಹಾಕಿಕೊಂಡು, ಮಕ್ಕಳ ಕೈ ಹಿಡಿದು, ಸಂತರ ಪಟ ಮತ್ತು ಝಾರನ ಭಾವಚಿತ್ರ ಎತ್ತಿಕೊಂಡು, ದೊರೆಯನ್ನು ದೇವರು ಕಾಪಾಡಲಿ ಅಂತ ಹಾಡುತ್ತ ಬೇರೆ ಬೇರೆ ಕಡೆಯಿಂದ ಹೊರಟರು. ಎರಡನೇ ನಿಕೊಲಸ್ ಊರಲ್ಲೇ ಇರಲಿಲ್ಲ, ಹೊರವಲಯದ ತ್ಸಾರ್‌ಸ್ಕೋಯೆ ಸೆಲೋ ಅರಮನೆಯಲ್ಲಿದ್ದ. ನಾರ್ವಾ ಗೇಟಿನ ಹತ್ತಿರ, ಸೇತುವೆ ಹತ್ತಿರ, ಅರಮನೆ ಚೌಕದ ಹತ್ತಿರ ಸೈನ್ಯ ಗುಂಡು ಹಾರಿಸಿತು. ಸರ್ಕಾರದ ಲೆಕ್ಕದಲ್ಲೇ ನೂರಕ್ಕೂ ಮೇಲೆ ಹೆಣ. ಕೈಯಲ್ಲಿ ಝಾರನ ಪಟ ಹಿಡಿದವರ ಮೇಲೆ ಝಾರನ ಗುಂಡು ಬಿತ್ತು.

ಹತ್ತು ದಿನ ಕಳೆದು ನಿಕೊಲಸ್ ಇನ್ನೊಂದು ಕೆಲಸ ಮಾಡಿದ. ಅಧಿಕಾರಿಗಳು ಆರಿಸಿ ತಂದ ಕೆಲವು ಕಾರ್ಮಿಕರನ್ನು ಅರಮನೆಗೆ ಕರೆಸಿ, ನಿಮ್ಮ ತಪ್ಪನ್ನು ಕ್ಷಮಿಸಿದ್ದೇನೆ ಅಂದ. ಕ್ಷಮೆ! ಗುಂಡಿಗಿಂತ ಈ ಮಾತೇ ಜಾಸ್ತಿ ಕೆಲಸ ಮಾಡಿತು ಅಂತ ನನ್ನ ಅಭಿಪ್ರಾಯ. ಸುತ್ತ ಇರುವವರು ಕಳ್ಳರು, ಅರಸರಿಗೆ ವಿಷಯ ಗೊತ್ತಿಲ್ಲ ಅಂತ ಹೇಳುವುದಕ್ಕೆ ಇನ್ನು ಜಾಗವೇ ಉಳಿಯಲಿಲ್ಲ. ಗಪೋನ್ ವಿದೇಶಕ್ಕೆ ಓಡಿಹೋದ, ಮತ್ತೆ ಬಂದ, ಪೊಲೀಸರ ಜೊತೆ ವ್ಯವಹಾರ ಇದೆ ಅಂತ 1906ರಲ್ಲಿ ಕ್ರಾಂತಿಕಾರಿಗಳೇ ಅವನನ್ನು ಕೊಂದರು.

ಪ್ರಶ್ನೆ: ಊಟ ಸರಿ ಇಲ್ಲ ಅಂತ ಯುದ್ಧನೌಕೆಯಲ್ಲಿ ದಂಗೆ ಆಯಿತಂತೆ, ನಿಜವಾ? (ಬೋಟಿನಲ್ಲಿ ಕೆಲಸ ಮಾಡುವವರು, ಮಲ್ಪೆ)

ನಿಜ. ನೌಕೆಯ ಹೆಸರು ಪೊಟೆಮ್‌ಕಿನ್, 1905ರ ಜೂನ್ 14. ಸೂಪಿಗೆ ತಂದ ಮಾಂಸದಲ್ಲಿ ಹುಳ ಹರಿದಾಡುತ್ತಿತ್ತು. ಹಡಗಿನ ಡಾಕ್ಟರು ನೋಡಿ, ತೊಳೆದರೆ ಆಯಿತು, ತಿನ್ನಬಹುದು ಅಂದರು. ನಾವಿಕರು ಮುಟ್ಟಲಿಲ್ಲ. ಅಧಿಕಾರಿಗಳು ಹೆದರಿಸುವುದಕ್ಕೆ ಹೋದರು, ಜಗಳ ಹತ್ತಿತು, ವಕುಲೆನ್‌ಚುಕ್ ಅನ್ನುವ ನಾವಿಕನಿಗೆ ಗುಂಡು ಬಿತ್ತು. ಅಷ್ಟೇ, ಕ್ಯಾಪ್ಟನ್ ಸೇರಿ 7 ಅಧಿಕಾರಿಗಳನ್ನು ಕೊಂದು ಹಡಗನ್ನೇ ವಶಕ್ಕೆ ತೆಗೆದುಕೊಂಡರು. ಒಡೆಸ್ಸಾ ಬಂದರಿಗೆ ಹೋದರು, ಉಳಿದ ನೌಕೆಗಳು ಜೊತೆಗೆ ಬರುತ್ತವೆ ಅಂತ ಕಾದರು, ಬಂದದ್ದು ಒಂದೇ, ಅದೂ ಮರುದಿನ ಕೈಬಿಟ್ಟಿತು. ಕಲ್ಲಿದ್ದಲು, ನೀರು ಮುಗಿದ ಮೇಲೆ ರುಮೇನಿಯಾಕ್ಕೆ ಹೋಗಿ ಶರಣಾದರು. ಅದಕ್ಕೆ ಹಿಂದಿನ ತಿಂಗಳೇ ಸುಷಿಮಾದಲ್ಲಿ ಜಪಾನಿನವರು ರಷ್ಯಾದ ದೊಡ್ಡ ನೌಕಾಪಡೆಯನ್ನು ಮುಳುಗಿಸಿದ್ದರು. ಆ ಸುದ್ದಿಯ ಹಿಂದೆಯೇ ಈ ಹುಳದ ಮಾಂಸ.

ಪ್ರಶ್ನೆ: ಅಚ್ಚಿನ ಮೊಳೆ ಜೋಡಿಸುವವರಿಂದ ಕ್ರಾಂತಿ ಶುರುವಾಯಿತು ಅಂತ ಹಳಬರು ಹೇಳುತ್ತಿದ್ದರು. ಸುಮ್ನೆ ಹೇಳಿದ್ದಾ? (ಮುದ್ರಣಾಲಯದಲ್ಲಿದ್ದ ಓದುಗರು, ಬಲ್ಮಠ)

ಸುಮ್ನೆ ಅಲ್ಲ. 1905ರ ಸೆಪ್ಟೆಂಬರಿನಲ್ಲಿ ಮಾಸ್ಕೋದ ಸೈತಿನ್ ಮುದ್ರಣಾಲಯದ ಕಂಪೋಸಿಟರುಗಳು ಮುಷ್ಕರ ಹೂಡಿದರು. ಕೂಲಿ ಅಕ್ಷರದ ಲೆಕ್ಕದಲ್ಲಿ, ಆದರೆ ಅಲ್ಪವಿರಾಮ, ಪೂರ್ಣವಿರಾಮ ಲೆಕ್ಕಕ್ಕಿಲ್ಲ. ಆ ಮೊಳೆಯನ್ನೂ ಕೈಯಲ್ಲೇ ಹೆಕ್ಕಿ ಜೋಡಿಸಬೇಕಲ್ಲ, ಅದಕ್ಕೂ ಕೊಡಿ ಅಂದರು. ಬೇರೆ ಪ್ರೆಸ್ಸಿನವರು ಸೇರಿದರು, ಬೇಕರಿಯವರು ಸೇರಿದರು, ಅಕ್ಟೋಬರಿನಲ್ಲಿ ರೈಲ್ವೆಯವರು ಕೈಜೋಡಿಸಿದ ಮೇಲೆ ದೇಶವೇ ನಿಂತುಹೋಯಿತು. ರೈಲಿಲ್ಲ, ಪತ್ರಿಕೆ ಇಲ್ಲ. ಮಂತ್ರಿಗಳು ಝಾರನನ್ನು ನೋಡುವುದಕ್ಕೆ ಹಡಗಿನಲ್ಲಿ ಹೋಗಬೇಕಾಯಿತು. ಅಕ್ಟೋಬರ್ 17ರಂದು ನಿಕೊಲಸ್ ಬಗ್ಗಿ, ವಾಕ್‌ಸ್ವಾತಂತ್ರ್ಯ ಮತ್ತು 'ಡ್ಯೂಮಾ' ಅನ್ನುವ ಚುನಾಯಿತ ಸಭೆ ಕೊಡುತ್ತೇನೆ ಅಂತ ಪ್ರಕಟಿಸಿದ. ಕೊಟ್ಟದ್ದನ್ನು ಮುಂದಿನ ಎರಡು ವರ್ಷದಲ್ಲಿ ಒಂದೊಂದಾಗಿ ಕಿತ್ತುಕೊಂಡ, ಅದು ಬೇರೆ ಮಾತು. ರೈತರ 49 ವರ್ಷದ ಕಂತು ಮಾತ್ರ 1907ಕ್ಕೆ ರದ್ದಾಯಿತು.

ಪ್ರಶ್ನೆ: 1917ರಲ್ಲಿ ಝಾರನನ್ನು ಇಳಿಸಿದ್ದು ಹೆಂಗಸರು ಅನ್ನುತ್ತಾರೆ. ಪಠ್ಯದಲ್ಲಿ ಒಂದು ಸಾಲೂ ಇಲ್ಲವಲ್ಲ? (ಉಪನ್ಯಾಸಕಿ, ಮಣಿಪಾಲ)

ಶುರು ಮಾಡಿದ್ದು ಅವರೇ ಮೇಡಂ. ಮೂರನೇ ವರ್ಷದ ಯುದ್ಧ, ಕೊರೆಯುವ ಚಳಿ, ರೈಲು ಸರಿಯಾಗಿ ಓಡದೆ ಪೆತ್ರೋಗ್ರಾಡಿಗೆ (ಸೇಂಟ್ ಪೀಟರ್ಸ್‌ಬರ್ಗಿನ ಆಗಿನ ಹೆಸರು) ಹಿಟ್ಟು, ಸೌದೆ ಬರುತ್ತಿಲ್ಲ. ಗಂಡಸರು ಗಡಿಯಲ್ಲಿ. ಹೆಂಗಸರು ಮಿಲ್ಲಿನಲ್ಲಿ ಪಾಳಿ ಮುಗಿಸಿ ಬ್ರೆಡ್ಡಿಗೆ ಸಾಲು ನಿಲ್ಲಬೇಕು, ಸರದಿ ಬರುವಾಗ ಅಂಗಡಿ ಖಾಲಿ. ಫೆಬ್ರವರಿ 23, ಅಂದರೆ ನಮ್ಮ ಮಾರ್ಚ್ 8, ಮಹಿಳಾ ದಿನ. ಆ ದಿನ ಮುಷ್ಕರ ಬೇಡ, ಇನ್ನೂ ಸಮಯ ಆಗಿಲ್ಲ ಅಂತ ಕ್ರಾಂತಿಕಾರಿ ಪಕ್ಷದ ಕಾರ್ಯಕರ್ತರೇ ಹೇಳಿದ್ದರು. ವೈಬೋರ್ಗ್ ಬಡಾವಣೆಯ ಬಟ್ಟೆ ಮಿಲ್ಲಿನ ಹೆಂಗಸರು ಕೇಳಲಿಲ್ಲ. ಮಗ್ಗ ನಿಲ್ಲಿಸಿ ಬೀದಿಗೆ ಬಂದು, ಪಕ್ಕದ ಲೋಹದ ಕಾರ್ಖಾನೆಯ ಕಿಟಕಿಗಳಿಗೆ ಹಿಮದ ಉಂಡೆ ಎಸೆದು ಗಂಡಸರನ್ನೂ ಹೊರಗೆ ಕರೆದರು. ಎರಡೇ ದಿನದಲ್ಲಿ ಇಡೀ ನಗರದಲ್ಲಿ ಮುಷ್ಕರ.

ನಿಕೊಲಸ್ ಆಗ ದೂರದ ಮೊಗಿಲೆವ್ ಸೇನಾ ಠಾಣೆಯಲ್ಲಿದ್ದ. ಹುಡುಗ ಹುಡುಗಿಯರು ಬ್ರೆಡ್ಡಿಲ್ಲ ಅಂತ ಕೂಗಿಕೊಂಡು ಓಡಾಡುತ್ತಿದ್ದಾರೆ, ಚಳಿ ಜಾಸ್ತಿ ಇದ್ದಿದ್ದರೆ ಮನೆಯಲ್ಲೇ ಇರುತ್ತಿದ್ದರು ಅಂತ ರಾಣಿ ಅವನಿಗೆ ಪತ್ರ ಬರೆದಳು. ಅವನು ಗಲಾಟೆ ನಿಲ್ಲಿಸಿ ಅಂತ ತಂತಿ ಕಳಿಸಿದ. 26ರಂದು ಸೈನಿಕರು ಗುಂಡು ಹಾರಿಸಿದರು. ರಾತ್ರಿ ಬ್ಯಾರಕ್ಕಿಗೆ ಹೋದ ವೊಲಿನ್‌ಸ್ಕಿ ರೆಜಿಮೆಂಟಿನವರಿಗೆ ನಿದ್ದೆ ಹತ್ತಲಿಲ್ಲ. ಕಿರ್ಪಿಚ್ನಿಕೋವ್ ಅನ್ನುವ ಸಾರ್ಜೆಂಟ್ ಮುಂದಾಗಿ ನಿಂತ, ಬೆಳಿಗ್ಗೆ ಅವರೆಲ್ಲ ಹೋಗುವುದಿಲ್ಲ ಅಂದರು, ಆಜ್ಞೆ ಕೊಡಲು ಬಂದ ಅಧಿಕಾರಿಯನ್ನೇ ಕೊಂದರು. ಸಂಜೆಯೊಳಗೆ ಸಾವಿರಾರು ಸೈನಿಕರು ಜನರ ಕಡೆ. ಊರಿಗೆ ಹೊರಟ ಝಾರನ ರೈಲು ಮುಂದೆ ಹೋಗಲಾಗದೆ ದಾರಿ ಬದಲಿಸಿ ಪ್ಸ್ಕೋವ್‌ಗೆ ಹೋಯಿತು. ಅವನ ಸೇನಾಪತಿಗಳೇ ಪಟ್ಟ ಬಿಡುವುದು ಒಳ್ಳೆಯದು ಅಂತ ತಂತಿ ಕಳಿಸಿದರು. ಮಾರ್ಚ್ 2ರಂದು ಸಹಿ ಹಾಕಿದ. ತಮ್ಮ ಮಿಖಾಯಿಲ್‌ಗೆ ಪಟ್ಟ ಅಂತ ಬರೆದಿದ್ದ, ಅವನು ಮರುದಿನವೇ ಬೇಡ ಅಂದ. ಈ ಸಲ ಬೀದಿಗೆ ಬಂದವರಲ್ಲಿ ಯಾರೂ ಝಾರನ ಪಟ ಹಿಡಿದಿರಲಿಲ್ಲ, ಕೈಗೆ ಸಿಕ್ಕಿದ ರಾಜಲಾಂಛನವನ್ನೆಲ್ಲ ಕಿತ್ತು ಬೆಂಕಿಗೆ ಹಾಕಿದರು.

ಪ್ರಶ್ನೆ: ಇದರ ಬಿಸಿ ನಮ್ಮ ದೇಶಕ್ಕೆ ತಟ್ಟಿತ್ತಾ? (ಬಿ.ಸಿ. ರೋಡಿನ ಓದುಗರು)

ತಟ್ಟಿತ್ತು, ಎರಡು ಥರ. ಬಂಗಾಳ ಎರಡು ಭಾಗ ಆದದ್ದು 1905ರ ಅಕ್ಟೋಬರ್ 16ಕ್ಕೆ, ರಷ್ಯಾದ ಮುಷ್ಕರದ ಹೊತ್ತಿಗೇ. ಆಗ ದಕ್ಷಿಣ ಆಫ್ರಿಕಾದಲ್ಲಿದ್ದ ಗಾಂಧೀಜಿ ನವೆಂಬರಿನಲ್ಲಿ ತಮ್ಮ 'ಇಂಡಿಯನ್ ಒಪಿನಿಯನ್' ಪತ್ರಿಕೆಯಲ್ಲಿ ಈ ಮುಷ್ಕರದ ಬಗ್ಗೆ ಬರೆದರು. ಕೆಲಸ ಮಾಡುವುದಿಲ್ಲ ಅಂತ ಕೂತವರಿಂದ ಬಂದೂಕು ತೋರಿಸಿ ಕೆಲಸ ಮಾಡಿಸುವುದಕ್ಕೆ ಝಾರನಿಂದಲೂ ಆಗುವುದಿಲ್ಲ, ಈ ದಾರಿ ನಮಗೂ ಉಂಟು ಅನ್ನುವುದು ಅದರ ಸಾರ. ಅದೇ ಹೊತ್ತಿಗೆ ಬಂಗಾಳದ ಹೇಮಚಂದ್ರ ಕಾನೂಂಗೋ ಪ್ಯಾರಿಸ್ಸಿಗೆ ಹೋಗಿ, ರಷ್ಯಾದಿಂದ ತಪ್ಪಿಸಿಕೊಂಡು ಬಂದಿದ್ದ ಕ್ರಾಂತಿಕಾರಿಗಳ ಹತ್ತಿರ ಬಾಂಬು ಮಾಡುವುದನ್ನು ಕಲಿತು ಬಂದರು. ಅವರು 1908ರ ಅಲಿಪುರ ಮೊಕದ್ದಮೆಯಲ್ಲಿ ಸಿಕ್ಕಿಬಿದ್ದು ಅಂಡಮಾನಿಗೆ ಹೋದರು. ಮುಷ್ಕರದ ಪಾಠ ಕಲಿತ ಗಾಂಧೀಜಿ ಅದನ್ನು ಮೊದಲು ದಕ್ಷಿಣ ಆಫ್ರಿಕಾದ ಟ್ರಾನ್ಸ್‌ವಾಲ್‌ನಲ್ಲಿ ಪ್ರಯೋಗ ಮಾಡಿ ನೋಡಿ, ಆಮೇಲೆ ಇಲ್ಲಿಗೆ ತಂದರು.